ಉಚ್ಚಂಗಮ್ಮನ ಕಿವಿ

ಮಾಚೇನಹಳ್ಳಿಯ ವರ್ಕ್‌ಶಾಪುಗಳಿಗೆ ಹೋಗುವ ಮಣ್ಣುದಾರಿ ರೈಲು ಹಳಿ ದಾಟುವಲ್ಲಿ ಆಗ ಗೇಟೂ ಇರಲಿಲ್ಲ, ಗೇಟು ಹಾಕುವವನೂ ಇರಲಿಲ್ಲ. ಇದ್ದದ್ದು ಒಂದು ಎಚ್ಚರಿಕೆಯ ಬೋರ್ಡು, ಅದರ ಪಕ್ಕದಲ್ಲಿ ಉಚ್ಚಂಗಮ್ಮನ ಟೀ ಅಂಗಡಿ. ಬೋರ್ಡನ್ನು ಯಾರು ಓದುತ್ತಾರೆ? ಎಲ್ಲರೂ ಉಚ್ಚಂಗಮ್ಮನನ್ನೇ ಕೇಳುತ್ತಿದ್ದರು. ಲಂಟಾನ ಪೊದೆ ಬೆಳೆದು ತಿರುವಿನಲ್ಲಿ ಬರುವ ರೈಲು ಕಾಣುತ್ತಿರಲಿಲ್ಲ. ಭದ್ರಾವತಿ ಕಡೆಯಿಂದ ಕೂಗು ಕೇಳಿದರೆ ಅವಳು ಬೋಂಡ ಕರಿಯುತ್ತಲೇ, ತಲೆ ಎತ್ತದೆ, ಹೋಗಿ ಎಂದೋ ನಿಲ್ಲಿ ಎಂದೋ ಹೇಳಿಬಿಡುತ್ತಿದ್ದಳು. ಹಳೆಯ ಮೀಟರ್ ಗೇಜ್ ರೈಲು ಕೂಗಿದ ಮೇಲೂ ನಿಧಾನವಾಗಿ ಟೀ ಮುಗಿಸಿ, ಗ್ಲಾಸು ಇಟ್ಟು ದಾಟಬಹುದಿತ್ತು. ಅವಳ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಆ ಹೆಮ್ಮೆ ಅವಳಿಗೆ ಕೊಂಚ ಜಾಸ್ತಿಯೇ ಇತ್ತು.

ಆಮೇಲೆ ಹಳಿ ಅಗಲ ಮಾಡುವ ಬ್ರಾಡ್ ಗೇಜ್ ಕೆಲಸವೆಂದು ರೈಲು ನಿಂತಿತು. ತಿಂಗಳುಗಟ್ಟಲೆ ಜನ ಹಳಿಯ ಮೇಲೆ ಕೂತು ಬೀಡಿ ಸೇದಿದರು. ಹೊಸ ರೈಲು ಓಡತೊಡಗಿದ ವಾರ, ಲೇತ್ ಕೆಲಸದ ಭೀಮೇಶ್ ಎಂದಿನಂತೆ ಟೀ ಕುಡಿದು ಮೊಪೆಡ್ ಹತ್ತಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ದೂರದಲ್ಲಿ ಕೂಗು ಕೇಳಿತು. ಅವನು ಇವಳ ಮುಖ ನೋಡಿದ.

“ಹೋಗು ಮಾರಾಯ, ಇನ್ನೂ ದೂರ ಐತೆ,” ಅಂದಳು.

ಹೊಸ ರೈಲು ಕೂಗಿದ್ದು ಹಳೆಯ ಜಾಗದಲ್ಲೇ. ಬಂದ ವೇಗ ಮಾತ್ರ ಹಳೆಯದಲ್ಲ.

ಸವಾರ ಎರಡೂ ಕಡೆ ನೋಡಲಿಲ್ಲವೆಂದು ಪೇಪರಿನಲ್ಲಿ ಬಂತು. ಗೇಟಿಲ್ಲದ ಕಡೆ ಸತ್ತವರ ಬಗ್ಗೆಯೆಲ್ಲ ಬರೆಯುವುದು ಅದನ್ನೇ. ಸತ್ತವನು ಎದ್ದು ಬಂದು ಅಲ್ಲ ಅನ್ನುವುದಿಲ್ಲವಲ್ಲ. ಉಚ್ಚಂಗಮ್ಮನ ಹೆಸರು ಯಾರೂ ಎತ್ತಲಿಲ್ಲ. ಅವಳಿಗೆ ಮಾತ್ರ ಬಾಣಲೆಯ ಸದ್ದಿನೊಳಗೂ ಆ ಮೊಪೆಡ್ ಸ್ಟಾರ್ಟ್ ಆಗುವುದು ಕೇಳುತ್ತಿತ್ತು. ಅವನು ಕುಡಿದ ಗ್ಲಾಸನ್ನು ಇನ್ನೊಬ್ಬರಿಗೆ ಕೊಡಲಾರದೆ, ಎಸೆಯಲೂ ಆಗದೆ ಮೂಲೆಯಲ್ಲಿ ಬೋರಲು ಹಾಕಿಟ್ಟಳು. ಯಾರಾದರೂ ಹೋಗಲೇ ಎಂದು ಕೇಳಿದರೆ ಕೇಳಿಸದವಳಂತೆ ಒಲೆ ಊದುತ್ತಿದ್ದಳು. ತನ್ನ ಕಿವಿಯನ್ನು ಕಂಡರೆ ಅವಳಿಗೇ ಭಯ.

ಮಳೆಗಾಲ ಮುಗಿದ ಮೇಲೆ ಭೀಮೇಶನ ಹೆಂಡತಿ ಮಧುಶ್ರೀ ಅವನಿದ್ದ ವರ್ಕ್‌ಶಾಪಿನಲ್ಲೇ ಕೆಲಸಕ್ಕೆ ಸೇರಿದಳು. ಮೊದಲ ದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಅಂಗಡಿಯ ಮುಂದೆ ನಿಂತಳು. ರೈಲು ಕೂಗಿತು.

“ಅಮ್ಮಾ, ಹೋಗ್ಲಾ?” ಅಂದಳು. ಉಚ್ಚಂಗಮ್ಮ ಒಲೆ ಊದತೊಡಗಿದಳು. “ನೀವು ಹೇಳಿದ್ರೆ ಕಣ್ಣು ಮುಚ್ಕೊಂಡು ದಾಟಬೋದು ಅಂತ ನಮ್ಮನೆಯವರು ಯಾವಾಗ್ಲೂ ಹೇಳೋರು. ಅವತ್ತೊಂದಿನ ನಿಮ್ಮನ್ನ ಕೇಳ್ಲಿಲ್ವೇನೋ.”

ಉಚ್ಚಂಗಮ್ಮ ಓಡಿ ಬಂದು ಅವಳ ಮುಂಗೈ ಹಿಡಿದುಕೊಂಡಳು. ರೈಲು ಬಂದು, ಅಂಗಡಿಯ ತಗಡು ನಡುಗಿಸಿ ಹೋಯಿತು. ಧೂಳು ಅಡಗಿದರೂ ಹಿಡಿದ ಕೈ ಬಿಡಲಿಲ್ಲ.

“ಕೇಳಿದ್ದ ಕಣವ್ವ. ಹೋಗು ಅಂದಿದ್ದು ನಾನೇ.”

ಮಧುಶ್ರೀ ಕೈ ಬಿಡಿಸಿಕೊಂಡಳು. ಹಳಿಯ ಹತ್ತಿರ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಯಾರನ್ನೂ ಕೇಳದೆ ದಾಟಿ ಹೋದಳು.