ಸಿಸ್ಟರ್ ಆರೋಗ್ಯಮ್ಮ ಕೇಳಿದ ಒಂದು ಮಾತು

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಅನ್ನುತ್ತಾರಲ್ಲ, ಹಾಗೆ ಇವರ ಹೆಸರು ಆರೋಗ್ಯಮ್ಮ. ನಾನು ಅವರನ್ನು ನೋಡುವ ಹೊತ್ತಿಗೆ ಮೈಯಲ್ಲಿ ಇಲ್ಲದಿದ್ದದ್ದು ಅದೊಂದೇ. ಲಿವರಿನಲ್ಲಿ ಗೆಡ್ಡೆ ಬೆಳೆದಿತ್ತು. ನಾನು ಭಾನುಮತಿ, ಗದಗಿನವಳು, ನಾಗಪುರದ ರೈಲ್ವೆ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಸೀರಿಯಲ್ ನೋಡುವುದು ನನ್ನಿಂದಾಗದ ಕೆಲಸ. ಮೌದಾ ರಸ್ತೆಯ ಮಠದಲ್ಲಿ ಒಬ್ಬರು ಕನ್ನಡದ ಸಿಸ್ಟರ್ ಹಾಸಿಗೆ ಹಿಡಿದಿದ್ದಾರೆ, ನೋವಿನ ಇಂಜೆಕ್ಷನ್ ಕೊಡಲು, ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಲು ಜನ ಬೇಕು ಎಂದು ಯಾರೋ ಹೇಳಿದರು. ಕನ್ನಡ ಎಂದ ಮೇಲೆ ಇನ್ನೇನು, ಕರೆಯುವ ಮೊದಲೇ ಹೊರಟೆ.

ಅದು ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠ. ಸುತ್ತ ಕಿತ್ತಳೆ ಗಿಡ, ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು. ಆರೋಗ್ಯಮ್ಮನ ತಂದೆ ಚೌರಪ್ಪ ಕನಕಪುರ ಸೀಮೆಯ ಹಾರೋಬೆಲೆಯವರು, ನಾಗಪುರದ ಪಕ್ಕದ ಕಾಮಠಿಯ ಮಿಲಿಟರಿ ಮೆಸ್ಸಿಗೆ ಅಡುಗೆಯವರಾಗಿ ಬಂದು ಅಲ್ಲೇ ಉಳಿದವರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮಠ ಸೇರಿದಾಗ ಚಿಕ್ಕವಳು ಕೃಪಾ ಇನ್ನೂ ಲಂಗದ ಹುಡುಗಿ. ಬೆಳೆದ ಮೇಲೆ ಅವಳೂ ಅಕ್ಕನ ಹಿಂದೆಯೇ ಬಂದಳು. ಅಷ್ಟರಲ್ಲಿ ಅಕ್ಕ ಅಲ್ಲಿ ಹೊಸಬರಿಗೆ ಪಾಠ ಹೇಳುವ ಗುರು ಆಗಿದ್ದರು.

ಗುರು ಅಂದರೆ ಎಂಥ ಗುರು! ಹಳೆಯ ಸಿಸ್ಟರುಗಳು ಈಗಲೂ ಅವರ ಹೆಸರೆತ್ತಿದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅವರ ಪಂಥಕ್ಕೆ ಸಾವಿರದೈನೂರು ವರ್ಷದಷ್ಟು ಹಳೆಯ ನಿಯಮಾವಳಿ ಇದೆ. ಪ್ರಯಾಣ ಹೋಗಿ ಬಂದವರು ಹೊರಗೆ ಕಂಡದ್ದನ್ನೂ ಕೇಳಿದ್ದನ್ನೂ ಒಳಗಿನವರಿಗೆ ಹೇಳಕೂಡದು ಎಂಬುದು ಅದರಲ್ಲೊಂದು. ಮಠದ ಹಿರಿಯಳು ಅಪ್ಪಣೆ ಕೊಟ್ಟರೆ ಮಾತ್ರ ಹೇಳಬಹುದು. ಬೇರೆ ಕಡೆ ಈಗ ಇದನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲವಂತೆ. ಇಲ್ಲಿ ಹಿಡಿದದ್ದು ಆರೋಗ್ಯಮ್ಮನ ದೆಸೆಯಿಂದ. ಇತವಾರಿ ಪೇಟೆಗೆ ಅಕ್ಕಿ ತರಲು ಹೋದವರು ಅಲ್ಲಿಯ ಗಲಾಟೆ ಹೇಳಿ ನಕ್ಕರೂ ಅವರು ಬಿಡುತ್ತಿರಲಿಲ್ಲ.

ಕೃಪಾ ಹೊಸಬಳಾಗಿದ್ದಾಗಲೇ ಕಾಮಠಿಯಲ್ಲಿ ತಾಯಿಗೆ ಕೊನೆಗಾಲ ಬಂತು. ಇಬ್ಬರಲ್ಲಿ ಒಬ್ಬರು ಹೋಗಬಹುದು ಎಂದಾಯಿತು. ಅಕ್ಕ ತಂಗಿಯನ್ನು ಕಳಿಸಿ ತಾವು ಉಳಿದರು. ಮಣ್ಣು ಮಾಡಿ ವಾಪಸ್ಸು ಬಂದ ಕೃಪಾ ಅಕ್ಕನ ಕೈ ಹಿಡಿದು, ಅಮ್ಮ ಹೇಗೆ ಹೋದಳೆಂದು ಹೇಳಲು ಬಾಯಿ ತೆರೆದಳು. ಹೊರಗಿನದನ್ನು ಒಳಗೆ ತರಬೇಡ ಎಂದರು ಆರೋಗ್ಯಮ್ಮ. ಎಲ್ಲರ ಮುಂದೆ, ಊಟ ಮುಗಿಯುವವರೆಗೆ ಊಟದ ಮನೆಯಲ್ಲಿ ಅವಳನ್ನು ಮಂಡಿಯೂರಿಸಿದರು. ಸ್ವಂತ ತಂಗಿಗೆ ರಿಯಾಯಿತಿ ತೋರಿದರೆ ಬೇರೆಯವರಿಗೆ ಏನು ಮುಖ ತೋರಿಸಲಿ ಎಂಬುದು ಅವರ ಲೆಕ್ಕ. ಅಮ್ಮ ಹೇಗೆ ಹೋದಳೆಂಬುದನ್ನು ಅವರು ಆಮೇಲೂ ಕೇಳಲಿಲ್ಲ. ಇದನ್ನೆಲ್ಲ ಅವರೇ ನನಗೆ ಹೇಳಿದರು, ಹೆಮ್ಮೆಯಿಂದಲೇ ಹೇಳಿದರು. ಕೇಳಿ ನನಗೆ ಸಿಟ್ಟು ಬಂತು, ಆದರೆ ರೋಗಿಯ ಮೇಲೆ ಏನು ರೇಗುವುದು.

ಇಂಥ ಹೆಂಗಸಿಗೂ ಒಂದು ಆಸೆ ಇತ್ತು. ಇಟಲಿಯಲ್ಲಿ ಸುಬಿಯಾಕೊ ಎಂಬಲ್ಲಿ ಒಂದು ಗವಿ ಇದೆ, ಅವರ ಪಂಥ ಕಟ್ಟಿದ ಸಂತ ಬೆನೆಡಿಕ್ಟ ಹುಡುಗನಾಗಿದ್ದಾಗ ಒಬ್ಬನೇ ತಪಸ್ಸು ಮಾಡಿದ ಜಾಗ. ಸನ್ಯಾಸದ ಕರೆ ಇನ್ನಷ್ಟು ಆಳಕ್ಕಿಳಿಯಲಿ ಎಂದು ಬೇರೆ ಬೇರೆ ದೇಶದ ಮಠಗಳಿಂದ ಒಬ್ಬೊಬ್ಬರನ್ನು ಅಲ್ಲಿಗೆ ಅಧ್ಯಯನಯಾತ್ರೆಗೆ ಕರೆಸಿಕೊಳ್ಳುತ್ತಾರೆ. ಈ ಸಲ ಆರೋಗ್ಯಮ್ಮನ ಸರದಿ ಬಂದಿತ್ತು. ಪಾಸ್‌ಪೋರ್ಟ್ ಕೈಗೆ ಬಂದ ವಾರವೇ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದರು, ಗೆಡ್ಡೆ ಸಿಕ್ಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮದರ್, ಅಂದರೆ ಮಠದ ಹಿರಿಯಳು, ಅವರ ಬದಲು ಕೃಪಾಳನ್ನು ಕಳಿಸಿದರು. ಹೊರಡುವ ದಿನ ಅಕ್ಕ ತಂಗಿಯನ್ನು ಹಾಸಿಗೆಯ ಹತ್ತಿರ ಕರೆದರು.

"ಗವಿಯೊಳಗೆ ಹೋದಾಗ ಒಂದು ಸಾರಿ ನನ್ನ ಹೆಸರು ಹೇಳು. ಜೋರಾಗಿ ಹೇಳು. ನಾನು ಬಂದಂಗೇ ಆಯ್ತದೆ."

ಕೃಪಾ ತಲೆಯಾಡಿಸಿದಳು. ಹೂಂ ಅಂದಳೋ ಇಲ್ಲವೋ ಎಂದು ಅಕ್ಕನಿಗೆ ಗೊತ್ತಾಗಲಿಲ್ಲ.

ಎರಡು ತಿಂಗಳು ಆರೋಗ್ಯಮ್ಮ ಜೀವ ಹಿಡಿದದ್ದು ಆ ಒಂದು ಉತ್ತರಕ್ಕಾಗಿ. ನರ್ಸಾಗಿ ನಾನು ಎಷ್ಟೋ ಸಾವು ನೋಡಿದ್ದೇನೆ, ಯಾರು ಯಾವುದಕ್ಕೆ ಕಾಯುತ್ತಿದ್ದಾರೆಂದು ಕಣ್ಣಲ್ಲೇ ತಿಳಿಯುತ್ತದೆ. ಕೃಪಾ ಏಪ್ರಿಲ್ ಕೊನೆಗೆ ಬಂದಳು. ಮರಳಿ ಬಂದವರು ಆ ದಿನ ಪ್ರಾರ್ಥನಾಮಂದಿರದ ನೆಲದ ಮೇಲೆ ಬೋರಲು ಮಲಗಿ ಎಲ್ಲರ ಪ್ರಾರ್ಥನೆ ಬೇಡಬೇಕಂತೆ, ಮಲಗಿದಳು. ಮೊಬೈಲು, ಫೋಟೊ ಎಲ್ಲವನ್ನೂ ಮದರ್ ಕೈಗೆ ಒಪ್ಪಿಸಿದಳು. ಮರುದಿನ ಅಕ್ಕನ ಕೋಣೆಗೆ ಬಂದಾಗ ನಾನು ಪಟ್ಟಿ ಕಟ್ಟುತ್ತಿದ್ದೆ.

"ಹೇಳಿದ್ಯಾ?" ಎಂದರು ಆರೋಗ್ಯಮ್ಮ.

"ಅಕ್ಕ, ಅಲ್ಲೀದು ಇಲ್ಲಿ ಹೇಳಂಗಿಲ್ಲ. ನೀನೇ ಕಲಿಸಿದ್ದು."

ಆರೋಗ್ಯಮ್ಮ ನಕ್ಕರು. ತಂಗಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. ಕೃಪಾ ನಗಲಿಲ್ಲ. ಸೊಳ್ಳೆಪರದೆ ಸರಿಮಾಡಿ, ನೀರು ಕುಡಿಸಿ, ತುಟಿ ಒರೆಸಿ ಹೋದಳು. ದಿನವೂ ಬಂದಳು, ಮಲ ಮೂತ್ರ ತೆಗೆದಳು, ತಲೆ ಬಾಚಿದಳು. ಆ ಒಂದು ಮಾತು ಮಾತ್ರ ಆಡಲಿಲ್ಲ. ಗುರುವಿಗೇ ತಿರುಮಂತ್ರ.

ನನಗೆ ತಡೆಯಲಾಗಲಿಲ್ಲ. ಮೊಬೈಲಿನಲ್ಲಿ ಆ ಗವಿಯ ವಿಡಿಯೊ ಹುಡುಕಿ ಆರೋಗ್ಯಮ್ಮನ ಮುಖದ ಮುಂದೆ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಅದು ಊರಿಗೆಲ್ಲ ಸಿಕ್ತದೆ ಭಾನುಮತಿ. ನನ್ನ ಹೆಸರು ಅಲ್ಲಿ ಕೇಳಿಸ್ತೋ ಇಲ್ವೋ, ಅಷ್ಟೇ ಬೇಕು."

ನೆಟ್ಟಗೆ ಮದರ್ ಹತ್ತಿರ ಹೋಗಿ ಹಿಂದಿಯಲ್ಲಿ ಕೇಳಿದೆ, ಒಂದು ಅಪ್ಪಣೆ ಕೊಟ್ಟುಬಿಡಿ, ಸಾಯುವ ಹೆಂಗಸು ಎಂದು. ಕೊಡುತ್ತೇನಲ್ಲ, ಆದರೆ ಸಿಸ್ಟರ್ ಕೃಪಾ ಬಂದು ಕೇಳಬೇಕು, ಹೊರಗಿನವರ ಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಿದ್ದೆ ಇಷ್ಟು ದಿನ. ಇಲ್ಲಿ ಪೂಜಾರಿ ಕೊಡುತ್ತೇನೆ ಅಂದರೂ ಕೈ ಚಾಚುವವರಿಲ್ಲ. ಕೃಪಾ ಬಾವಿಕಟ್ಟೆಯ ಹತ್ತಿರ ಅಕ್ಕನ ಬಟ್ಟೆ ಒಗೆಯುತ್ತಿದ್ದಳು. ಹೋಗಿ ಎದುರು ನಿಂತೆ.

"ಹೋಗಿ ಕೇಳ್ರೀ ಸಿಸ್ಟರ್, ಕೊಡ್ತಾರ. ಒಂದು ಹೌದು ಅನ್ನಾಕ ನಿಮಗೇನ್ ಗಂಟು ಹೋಗ್ತೈತಿ?"

"ಅಪ್ಪಣೆ ಕೇಳೋದೂ ಒಂದು ಆಸೆನೇ, ಅದನ್ನೂ ಬಿಡಬೇಕು ಅಂತ ಅಕ್ಕನೇ ಹೇಳಿಕೊಟ್ಟಿದ್ದು ಭಾನಕ್ಕ. ಆ ಗವೀಲಿ ಕೂತು ನಾನು ಮಾತು ಕೊಟ್ಟಿದ್ದೀನಿ, ಇನ್ಮೇಲೆ ನಿಯಮದ ಹತ್ರ ಚೌಕಾಸಿ ಮಾಡಲ್ಲ ಅಂತ. ಅಲ್ಲಿಂದ ನಾನು ತಂದಿದ್ದು ಅದೊಂದೇ."

"ಇದು ನಿಯಮ ಅಲ್ರೀ. ಇದು ಸೇಡು."

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಎರಡೂ ಇರಬಹುದು" ಎಂದಳು. "ಬೇರೆ ಮಾಡೋಕೆ ನಂಗೆ ಬರ್ತಿಲ್ಲ."

ಸುಳ್ಳು ಹೇಳಲಿಲ್ಲ ನೋಡಿ, ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಅವರ ಸಂತನಿಗೂ ಒಬ್ಬ ತಂಗಿ ಇದ್ದಳಂತೆ. ಸಾಯುವ ಮುಂಚೆ ಅಣ್ಣನನ್ನು, ಇದೊಂದು ರಾತ್ರಿ ಉಳಿ, ಮಾತಾಡೋಣ ಎಂದು ಬೇಡಿದಳಂತೆ. ನಿಯಮ ಬಿಡಲಾರೆ ಎಂದನಂತೆ ಅವನು. ಅವಳು ತಲೆ ತಗ್ಗಿಸಿ ಅತ್ತದ್ದಕ್ಕೆ ದೇವರು ಗುಡುಗು ಮಳೆ ಸುರಿಸಿ ಅಣ್ಣ ಹೊಸ್ತಿಲು ದಾಟದಂತೆ ಮಾಡಿದನಂತೆ. ಈ ಕಥೆಯನ್ನು ಆರೋಗ್ಯಮ್ಮ ನನಗೆ ಹೇಳಿದ್ದು ಮೇ ತಿಂಗಳಲ್ಲಿ. ನಾಗಪುರದ ಮೇ ತಿಂಗಳಲ್ಲಿ ದೇವರೂ ಕೂಲರ್ ಮುಂದೆ ಕೂತಿರುತ್ತಾನೆ. ಮಳೆ ಬರಲಿಲ್ಲ.

ಕೊನೆಯ ವಾರ ಅವರು ತಂಗಿಯ ಸೆರಗು ಹಿಡಿದುಕೊಂಡರು. ಎಂದೂ ಯಾರ ಮುಂದೂ ಬೇಡದ ಹೆಂಗಸು.

"ಕೃಪಾ, ಹೇಳವ್ವ. ಇಲ್ಲ ಅಂದ್ರೆ ಇಲ್ಲ ಅನ್ನು. ಅದನ್ನಾದ್ರೂ ಹೇಳು."

"ಅಮ್ಮ ಹೆಂಗೆ ಹೋದ್ಲು ಅಂತ ಹೇಳೋಕೆ ಬಂದಿದ್ದೆ ಅಕ್ಕ, ಅವತ್ತು. ನೀನು ಕೇಳಲಿಲ್ಲ."

ಆರೋಗ್ಯಮ್ಮ ಸೆರಗು ಬಿಟ್ಟರು.

"ಬರೋಬರ್" ಎಂದರು. ಹುಡುಗಿ ಪಾಠ ಸರಿಯಾಗಿ ಒಪ್ಪಿಸಿದಾಗ ಗುರು ಅನ್ನುವ ಹಾಗೆಯೇ ಅಂದರು. ಗೋಡೆಯ ಕಡೆ ಹೊರಳಿಸು ಎಂದು ನನಗೆ ಸನ್ನೆ ಮಾಡಿದರು, ಹೊರಳಿಸಿದೆ. ಮತ್ತೆ ಅವರು ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವಾಗ ಹೋದರು. ಅವರ ಕಣ್ಣು ಮುಚ್ಚಿಸಿದ್ದು ಕೃಪಾ.

ಏಳನೆಯ ದಿನದ ಪೂಜೆಗೆ ನನ್ನನ್ನೂ ಕರೆದಿದ್ದರು. ಪೂಜೆಯಾದ ಮೇಲೆ ಎಲ್ಲರೂ ಕೂಡಿ ಚಹಾ ಕುಡಿಯುವ ಹೊತ್ತು. ಮನೆ ತುಂಬ ಬಿಕೋ ಅನ್ನುತ್ತಿದೆ ಎಂದು ಮದರಿಗೆ ಅನ್ನಿಸಿತೇನೋ, ಕೃಪಾಳ ಕಡೆ ತಿರುಗಿ, ಸಿಸ್ಟರ್, ನಿಮ್ಮ ಯಾತ್ರೆಯ ವಿಷಯ ಎಲ್ಲರಿಗೂ ಹೇಳಿ, ಇದು ನನ್ನ ಅಪ್ಪಣೆ ಎಂದರು.

ಕೃಪಾಳ ಮುಖ ಬಿಳುಚಿತು. ಅಪ್ಪಣೆ ಎಂದ ಮೇಲೆ ಅವಳು ಬೇಡ ಎನ್ನುವಂತಿರಲಿಲ್ಲ. ಎದ್ದು ನಿಂತು ಹಿಂದಿಯಲ್ಲಿ ಎಲ್ಲ ಹೇಳಿದಳು, ಬೆಟ್ಟದ ದಾರಿ, ಬಂಡೆಗೆ ಅಂಟಿಕೊಂಡ ಮಠ, ಮೆಟ್ಟಿಲು, ಗವಿ. ಗವಿಯೊಳಗೆ ಮೊದಲು ಅಕ್ಕನ ಹೆಸರು ಕೂಗಿದೆ, ಎಷ್ಟು ಜೋರಾಗಿ ಅಂದರೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು, ದೇವರ ಹೆಸರು ಹೇಳಿದ್ದು ಆಮೇಲೆ ಎಂದಳು. ದನಿ ಒಂದು ಕಡೆಯೂ ನಡುಗಲಿಲ್ಲ. ಸಿಸ್ಟರುಗಳು ಚಪ್ಪಾಳೆ ತಟ್ಟಿದರು. ನನಗೆ ಎದ್ದು ಹೋಗಿ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಬಿಸ್ಕತ್ತಿನ ತಟ್ಟೆ ಸುತ್ತು ಬಂತು. ಅಲ್ಲಿ ಚಳಿ ಬಹಳ ಇತ್ತಾ ಎಂದು ಹೊಸ ಸಿಸ್ಟರೊಬ್ಬಳು ಕೇಳಿದಳು. ಕೃಪಾ ಅದಕ್ಕೂ ಉತ್ತರ ಹೇಳಿದಳು.