ಅರವತ್ತು ತುಂಬುವ ಮುಂಚೆ ಮದುವೆ

ರಾಕ್ಸಾನ್ ಹುಡಾಕ್‌ಗೆ ಡಿಸೆಂಬರ್ ಐದಕ್ಕೆ ಅರವತ್ತು ತುಂಬುತ್ತದೆ. ವರ್ನ್ ಸೊಬೋಟಾ ಅವಳೊಂದಿಗೆ ತನ್ನ ಮದುವೆ ಗೊತ್ತುಮಾಡಿದ್ದು ನವೆಂಬರ್ ಎಂಟಕ್ಕೆ. ಪೆನ್ಸಿಲ್ವೇನಿಯಾದ ನಮ್ಮ ಊರಿನಲ್ಲಿ ಇದಕ್ಕೆ ಕಾರಣ ಹೇಳಬೇಕಾಗಿಲ್ಲ. ನವೆಂಬರ್ ನಡುವಿನಿಂದ ಕ್ರಿಸ್‌ಮಸ್‌ವರೆಗೆ ಚರ್ಚಿನ ಉಪವಾಸ, ಆಗ ಮದುವೆ ಮಾಡಿಸುವುದಿಲ್ಲ. ಅದರ ಮಧ್ಯೆ ಜಿಂಕೆ ಬೇಟೆ. ಮಾಡಿಸಿದರೂ ಗಂಡಸರೆಲ್ಲ ಕಾಡಿನಲ್ಲಿರುತ್ತಾರೆ.

ರಾಕ್ಸಾನ್‌ಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ನಿಂತು ನಿಂತು ಮಂಡಿ ಸವೆದಿದೆ. ಗಂಡ ಎಮಿಲ್ ಕಲ್ಲುಗಣಿಯಲ್ಲಿ ದುಡಿದವನು. ಪ್ರತಿ ಸಂಬಳದಲ್ಲೂ ಪಿಂಚಣಿಗೆಂದು ಹಣ ಮುರಿಸಿಕೊಂಡು, ಅದರಲ್ಲಿ ಒಂದು ಸೆಂಟ್ ಕೈಗೆ ಬರುವ ಮೊದಲೇ ತೀರಿಕೊಂಡ. ಅವನ ಪಿಂಚಣಿಯಲ್ಲಿ ವಿಧವೆಯ ಪಾಲು ಅರವತ್ತಕ್ಕೆ ಸಿಗುತ್ತದೆ. ಅದು ಬಂದರೆ ಅವಳು ಕೆಲಸ ಬಿಡಬಹುದು. ವಿಚಾರಿಸಲು ಅಕ್ಟೋಬರಿನಲ್ಲಿ ಈ ಪಿಂಚಣಿ ಕೊಡುವ ಸರ್ಕಾರಿ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋದಳು.

"ಮತ್ತೆ ಮದುವೆ ಆಗೋ ಯೋಚನೆ ಇದೆಯಾ ಮೇಡಂ?" ಗಾಜಿನ ಆಚೆ ಕೂತಿದ್ದ ಹೆಂಗಸು ಕೇಳಿದಳು.

"ಮುಂದಿನ ತಿಂಗಳೇ. ಬನ್ನಿ, ಊಟಕ್ಕೆ ಎಲೆಕೋಸಿನ ಸುರುಳಿ ಇರುತ್ತೆ."

ಹೆಂಗಸು ನಗಲಿಲ್ಲ. "ಅರವತ್ತಕ್ಕೆ ಮುಂಚೆ ಆದ್ರೆ, ಆ ಮದುವೆ ಇರೋವರೆಗೂ ಮೊದಲನೇ ಗಂಡನ ಪಾಲು ಸಿಗಲ್ಲ. ಅರವತ್ತಾದ ಮೇಲೆ ಆಗಿ, ಏನೂ ತೊಂದರೆ ಇಲ್ಲ."

"ನಾಲ್ಕು ವಾರ ಮುಂಚೆ ಅಷ್ಟೇ ತಾಯಿ!"

"ಒಂದು ವಾರ ಆದ್ರೂ ಅಷ್ಟೇ ಮೇಡಂ. ಕಾದ್ರೆ ಇನ್ನೊಂದು ಅನುಕೂಲ ಇದೆ. ಅರವತ್ತಕ್ಕೆ ಮೊದಲನೇ ಗಂಡನದ್ದು ತಗೊಳ್ಳಿ, ನಿಮ್ಮ ಸ್ವಂತ ಪಿಂಚಣಿ ಎಪ್ಪತ್ತರವರೆಗೂ ಮುಟ್ಟಬೇಡಿ. ಅದು ಬೆಳೀತಾ ಇರುತ್ತೆ. ಆಮೇಲೆ ನಿಮ್ಮದೇ ಜಾಸ್ತಿ ಇದ್ರೆ ಅದಕ್ಕೆ ಬದಲಾಯಿಸ್ಕೊಳ್ಳಿ."

ಹೊರಗೆ ವರ್ನ್ ತನ್ನ ಪಿಕಪ್ ಗಾಡಿಯಲ್ಲಿ ಕಾಯುತ್ತಿದ್ದ. ಅವಳು ಹತ್ತಿ ಬಾಗಿಲು ಧಡಾರನೆ ಹಾಕಿ ನಡೆದದ್ದನ್ನು ಹೇಳಿದಳು.

"ಜನವರಿಗೆ ಹಾಕೋಣ ವರ್ನ್."

"ತಲೆ ಕೆಟ್ಟಿದೆಯಾ ರಾಕ್ಸಿ? ಹಾಲ್‌ಗೆ ಮುಂಗಡ ಕೊಟ್ಟಾಗಿದೆ. ಬ್ಯಾಂಡ್‌ನವರಿಗೆ ಹೇಳಾಗಿದೆ. ಜನವರಿ ಹಿಮದಲ್ಲಿ ಯಾವನು ಬರ್ತಾನೆ?"

"ನೀನು ಬಂದ್ರೆ ಸಾಕು."

"ಸತ್ತವನ ದುಡ್ಡಿಗೆ ಬದುಕಿರೋನು ಕಾಯಬೇಕು ಅನ್ನು."

ರಾಕ್ಸಾನ್ ಅವನ ಕಡೆ ತಿರುಗಿದಳು.

"ಪುಕ್ಕಟೆ ದುಡ್ಡಲ್ಲ ಅದು. ಕಲ್ಲಿನ ಧೂಳು ಕುಡಿದು ದುಡಿದಿದ್ದು. ಆ ಧೂಳಿನ ಅಂಗಿ ಒಗೆದವಳು ನಾನು. ನೀನು ಜಿಂಕೆಗೆ ಹೆದರಿ ದಿನ ಇಟ್ಟೆ, ಪಾದ್ರಿಗೆ ಹೆದರಿ ದಿನ ಇಟ್ಟೆ. ನನಗೆ ಅರವತ್ತು ಯಾವಾಗ ಅಂತ ಒಂದ್ಸಲ ಕೇಳಿದ್ಯಾ?"

"ಹೆಂಗಸರ ವಯಸ್ಸು ಕೇಳಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ಲು."

"ನಿಮ್ಮಮ್ಮ ಪಿಂಚಣಿ ಕೊಡ್ತಾಳಾ?"

ವರ್ನ್ ಗಾಡಿ ಚಾಲೂ ಮಾಡಿದ. ಅವಳು ಮದುವೆಗೆ ಗೊತ್ತುಮಾಡಿದ್ದ ಅಗ್ನಿಶಾಮಕ ದಳದ ಹಾಲ್‌ಗೆ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಜನವರಿ ಹದಿನೇಳು ಖಾಲಿ ಇದೆ, ಆದರೆ ಹೀಟರ್ ಕೆಟ್ಟಿದೆ, ಚಳಿಯಲ್ಲಿ ಮದುವೆ ಇಟ್ಟುಕೊಳ್ಳುವವರಿಗೆ ಬುದ್ಧಿ ಇದೆಯೇ ಎಂದು ಅಲ್ಲಿಯ ಮೇಲ್ವಿಚಾರಕ ಗೊಣಗತೊಡಗಿದ.

ವರ್ನ್ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಅವಳ ಕೈಯಿಂದ ಫೋನ್ ಕಿತ್ತುಕೊಂಡ.

"ಬುದ್ಧಿ ವಿಷಯ ಆಮೇಲೆ ಮಾತಾಡೋಣ. ಹೀಟರ್ ರಿಪೇರಿ ಮಾಡಿಸೋದು ನಿನ್ನ ಕೆಲಸ ಮಾರಾಯ. ಹದಿನೇಳು ಅಂತ ಬರ್ಕೊ."