ಹೊರಗೆ ತೆರೆಯುವ ಬಾಗಿಲು

ಬಡಗಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ತನ್ನ ಮೂಗಲ್ಲ, ಎದುರಿಗಿದ್ದವನದು. ಮುಷ್ಟಿ ಹೋಗಿ ಬೀಳುತ್ತಿದ್ದುದು ಅಲ್ಲಿಗೇ. ಮರದ ಡಿಪೋದವನ ಮೂಗು, ಪಕ್ಕದ ಮನೆಯವನ ಹಲ್ಲು, ಸ್ವಂತ ಷಡ್ಡಕನ ಕಿವಿ, ಎಲ್ಲವೂ ಆ ಕೈಯ ರುಚಿ ನೋಡಿದ್ದವು. ಆದರೆ ಹೆಂಡತಿಯ ಮೇಲೆ, ಒಬ್ಬಳೇ ಮಗಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಮನೆಯಲ್ಲಿ ಸಿಟ್ಟು ಬಂದರೆ ಅಟ್ಟದ ಕಡೆ ನೋಡಿ ದೇವರನ್ನು ಬೈಯುತ್ತಿದ್ದ, ಅಷ್ಟೇ.

ಮಗಳ ಮದುವೆ ಗೊತ್ತಾದಾಗ ಅಳಿಯನ ಹೊಸ ಮನೆಯನ್ನು ಇನ್ನೂ ಕಟ್ಟುತ್ತಿದ್ದರು. ಅದರ ಬಾಗಿಲುಗಳನ್ನೆಲ್ಲ ತಾನೇ ಮಾಡಿಕೊಡುತ್ತೇನೆಂದು ಬಡಗಿ ಎದೆ ತಟ್ಟಿಕೊಂಡ. ಮಾಡಿದ, ಚೆನ್ನಾಗಿಯೇ ಮಾಡಿದ. ಉಳಿದದ್ದು ಮಲಗುವ ಕೋಣೆಯದೊಂದು.

"ಬೇಗ ಮುಗಿಸಯ್ಯ, ಅರಮನೆಗೆ ಮಾಡ್ತಿದ್ದೀಯಾ?" ಎಂದ ಗಾರೆಯವನು.

ಅಷ್ಟೇ ಸಾಕಾಯಿತು. ಬಡಗಿ ಗುದ್ದಿದ. ಗಾರೆಯವನೂ ಸುಮ್ಮನಿರುವ ಪೈಕಿ ಅಲ್ಲ, ಗಾರೆ ಮೆತ್ತುವ ಕರಣೆಯಿಂದ ಹಣೆಗೆ ಬಾರಿಸಿದ. ಕಣ್ಣಿಗೆ ಇಳಿಯುತ್ತಿದ್ದ ರಕ್ತ ಒರೆಸಿಕೊಳ್ಳುತ್ತಲೇ ಇವನು ಚೌಕಟ್ಟು ನಿಲ್ಲಿಸಿದ. ತುಟಿಯಿಂದ ರಕ್ತ ಉಗುಳುತ್ತಲೇ ಅವನು ಸಿಮೆಂಟ್ ಮೆತ್ತಿದ. ಮರುದಿನ ನೋಡಿದರೆ, ಅಯ್ಯೋ ಶಿವನೇ, ಚೌಕಟ್ಟು ಹಿಂದುಮುಂದಾಗಿ ಕಲ್ಲಿನಂತೆ ಕೂತಿತ್ತು. ಒಳಕ್ಕೆ ತೆರೆಯಬೇಕಾದ ಬಾಗಿಲು ಹೊರಗೆ, ನಡುಮನೆಗೆ ತೆರೆಯುತ್ತಿತ್ತು. ಒಳಗೆ ಮರೆಯಾಗಿರಬೇಕಾದ ಕೀಲುಗಳು ಹೊರಗೆ ಹಲ್ಲು ಕಿರಿಯುತ್ತಿದ್ದವು. ಚಿಲಕ ಮಾತ್ರ ಒಳಗೆ.

"ಇಷ್ಟು ವರ್ಷ ಕೆಲಸ ಮಾಡಿದ್ದೀರಿ, ಬಾಗಿಲಿಗೆ ಮುಖ ಯಾವುದು, ಬೆನ್ನು ಯಾವುದು ಗೊತ್ತಾಗಲಿಲ್ವೇ?" ಎಂದು ಬೀಗರು ನಾಲ್ಕು ಜನರೆದುರು ನಕ್ಕರು. ಮಗಳ ಮುಖ ನೋಡಿ ಬಡಗಿ ಮುಷ್ಟಿಯನ್ನು ಜೇಬಿಗೆ ತುರುಕಿಕೊಂಡ.

ಸರಿಪಡಿಸೋಣವೆಂದರೆ ಒಂದೂ ಕೂಡಿ ಬರಲಿಲ್ಲ. ಗಾರೆಯವನು ಇವನ ನೆರಳು ಕಂಡರೂ ದಾರಿ ಬದಲಿಸುತ್ತಿದ್ದ. ಹೊಸ ಚೌಕಟ್ಟಿಗೆ ತಂದ ಮರ ಸೀಳಿತು. ಆಮೇಲೆ ಇವನೇ ಜ್ವರ ಹಿಡಿದು ಮಲಗಿದ.

"ನಿನ್ನ ದೇವರಿಗೆ ನನ್ನ ಮೇಲೆ ಏನು ಹಗೆ?" ಎಂದು ಹೆಂಡತಿಯ ಮೇಲೆ ಹಾರಾಡುತ್ತಿದ್ದ.

"ಎಲ್ಲಕ್ಕೂ ಅವನದೊಂದು ಹೊತ್ತಿರತ್ತೆ ಕಣ್ರೀ, ನಾವು ಕುಣಿದಾಗೆಲ್ಲ ತಾಳ ಹಾಕೋಕೆ ಅವನೇನು ನಮ್ಮ ಆಳೇ?" ಎನ್ನುತ್ತಿದ್ದಳು ಅವಳು.

ಮದುವೆಯಾದ ಮೇಲೆ ಒಮ್ಮೆ ಮಗಳು ತವರಿಗೆ ಬಂದಾಗ ಹುಬ್ಬು ಊದಿತ್ತು.

"ಏನಮ್ಮಾ ಇದು?"

"ಏನಿಲ್ಲಪ್ಪ. ಬಾಗಿಲು ತಾಗ್ತು. ಅದು ಹೊರಗೆ ತೆರೆಯತ್ತಲ್ಲ, ಅವರು ಒಳಗಿಂದ ತಳ್ಳಿದ್ರು, ನಾನು ಅಡ್ಡ ಬಂದೆ."

ಬಡಗಿ ಆ ಹುಬ್ಬು ಮುಟ್ಟಿ ನೋಡಿದ. ತನ್ನ ಬಾಗಿಲು ತನ್ನ ಮಗಳನ್ನೇ ಹೊಡೆಯುವುದೇ? ಮುಂದಿನ ಸಲ ತುಟಿ ಒಡೆದಿತ್ತು. ಬಾಗಿಲು. ಅದರ ಮುಂದಿನ ಸಲ ಮಣಿಕಟ್ಟು ನೀಲಿಗಟ್ಟಿತ್ತು. ಅದೂ ಬಾಗಿಲೇ.

"ಬಾಗಿಲು ಕೈ ತಿರುಚತ್ತೇನ್ರೀ?" ಎಂದಳು ಹೆಂಡತಿ. "ಹೋಗಿ ಕರ್ಕೊಂಡು ಬನ್ನಿ ಅವಳನ್ನ."

"ತಪ್ಪು ನನ್ನದು, ಅಳಿಯನ್ನ ಯಾಕೆ ಅಂತೀಯ?" ಎಂದು ಗುಡುಗಿದ. ಅಪರಾಧಿ ತಾನೇ ಎಂದು ನಂಬಿದವನಿಗೆ ಬೇರೆಯವರ ಮೇಲೆ ಕಣ್ಣು ಹೋಗುವುದಿಲ್ಲ. ಇಷ್ಟು ಮೂಗು ಒಡೆದವನಿಗೆ ಏಟಿನ ಗುರುತು ತಿಳಿಯಲಿಲ್ಲ ನೋಡಿ!

ಇಷ್ಟು ದಿನ ಈಗ ಬೇಡ, ಆಮೇಲೆ ಎನ್ನುತ್ತಿದ್ದ ಅಳಿಯ ಕೊನೆಗೂ ಒಪ್ಪಿದ. ಭಾನುವಾರ ಬಂದು ಬಾಗಿಲು ತಿರುಗಿಸಿ ಹಾಕಿ ಎಂದ. ಆದರೆ ಶನಿವಾರ ಬಡಗಿ ಒಪ್ಪಿಕೊಂಡಿದ್ದ ಅಂಗಡಿಯೊಂದರ ಕೆಲಸ ಅಲ್ಲಿಗೆ ಹೋಗುತ್ತಿದ್ದಂತೆ ಮುರಿದುಬಿತ್ತು. ಮಾಲೀಕ ಬೇರೆಯವನನ್ನು ಹಿಡಿದಿದ್ದ. ದೇವರ ಏಳು ತಲೆಮಾರನ್ನು ಬೈಯುತ್ತ, ಹೇಗೂ ಉಳಿ-ಕೊಡತಿಯ ಚೀಲ ಹೆಗಲಲ್ಲೇ ಇದೆಯಲ್ಲ, ಬಾಗಿಲನ್ನು ಇವತ್ತೇ ಮುಗಿಸೋಣ ಎಂದು ಮಗಳ ಮನೆಯತ್ತ ನಡೆದ.

ಬೀದಿ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು, ಚಿಲಕವಿರಲಿಲ್ಲ. ಒಳಗೆ ಕಾಲಿಟ್ಟವನಿಗೆ ಮೊದಲು ಕೇಳಿಸಿದ್ದು ಬೆಲ್ಟಿನ ಸದ್ದು. ಆಮೇಲೆ ಮಗಳ ಚೀರಾಟ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

"ತೆಗೆಯೋ! ತೆಗೆಯೋ ಬಾಗಿಲು!"

ಹೆಗಲು ಕೊಟ್ಟು ಗುದ್ದಿದ, ಒದ್ದ. ಆರಿಸಿ ತಂದ ತೇಗ, ಆನೆ ಗುದ್ದಿದರೂ ಅಲುಗದ ಹಾಗೆ ತಾನೇ ಜೋಡಿಸಿದ್ದು. ಹೆಗಲ ಚರ್ಮ ಕಿತ್ತುಬಂತು. ಒಳಗೆ ಮಗಳ ಚೀರಾಟ ನಿಂತಿತು. ಏಟಿನ ಸದ್ದು ನಿಲ್ಲಲಿಲ್ಲ.

ಆಗ ಕೀಲುಗಳು ಕಣ್ಣಿಗೆ ಬಿದ್ದವು. ಹೊರಗೆ, ಕೈಗೆಟುಕುವಂತೆ, ಅವನಿಗಾಗಿಯೇ ಕಾದು ಕೂತ ಹಾಗೆ.

ಉಳಿಯನ್ನು ಕೀಲಿನ ಕಡ್ಡಿಯ ಕೆಳಗಿಟ್ಟು ಮರದ ಕೊಡತಿಯಿಂದ ಮೇಲಕ್ಕೆ ಬಡಿದ. ಒಂದು ಕಡ್ಡಿ ಹಾರಿತು. ಇನ್ನೊಂದು. ಮತ್ತೊಂದು. ಸಂದಿಗೆ ಉಳಿ ತೂರಿಸಿ ಮೀಟಿದ. ಬಾಗಿಲು ಅವನ ಮೇಲೆಯೇ ಬಂತು. ಅದನ್ನು ಪಕ್ಕಕ್ಕೆ ತಳ್ಳಿ ನುಗ್ಗಿದ.

ಮಗಳು ಮಂಚದ ಕಾಲಿನ ಬಳಿ ಮುದುಡಿ ಬಿದ್ದಿದ್ದಳು, ಕೂದಲೆಲ್ಲ ರಕ್ತ, ತುಟಿ ಸೀಳಿತ್ತು. ಅಳಿಯ ಈಗ ಬೆಲ್ಟು ಬಿಟ್ಟು ಕಬ್ಬಿಣದ ಸರಳು ಎತ್ತಿದ್ದ. ಬಡಗಿಯ ಕೊಡತಿ ಆ ಕೈಯ ಮೇಲೆ ಇಳಿಯಿತು. ಮೂಳೆ ಲಟಕ್ಕೆಂದಿತು. ಎರಡನೇ ಏಟಿಗೆ ದವಡೆ. ಕೆಳಗೆ ಬಿದ್ದವನ ಎದೆಯ ಮೇಲೆ ಮಂಡಿಯೂರಿ ಗಂಟಲಿಗೆ ಉಳಿ ಇಟ್ಟ. ಚರ್ಮ ಸೀಳಿ ರಕ್ತ ಜಿನುಗಿತು.

"ಅಪ್ಪಾ..." ಮಗಳ ದನಿ. "ನೀನು ಜೈಲಿಗೆ ಹೋದ್ರೆ ನನ್ನನ್ನ ಮನೆಗೆ ಕರ್ಕೊಂಡು ಹೋಗೋರ್ಯಾರಪ್ಪ?"

ಕೈ ಬೇಕೆಂದರೂ ಮುಂದಕ್ಕೆ ಹೋಗಲಿಲ್ಲ. ಉಳಿಯನ್ನು ಗೋಡೆಗೆ ಬೀಸಿ ಒಗೆದು, ಮಗಳನ್ನು ಬೆನ್ನಿಗೆ ಹಾಕಿಕೊಂಡು ಹೊರಬಿದ್ದ. ಸೀದಾ ಆಸ್ಪತ್ರೆ, ಅಲ್ಲಿಂದ ಪೊಲೀಸ್ ಠಾಣೆ, ಆಮೇಲೆ ಮನೆ.

ಹೆಂಡತಿ ಮಗಳನ್ನು ಮಲಗಿಸಿ ಹೊರಗೆ ಬಂದಳು. ಬಡಗಿ ಜಗಲಿಯಲ್ಲಿ ಕೂತಿದ್ದ.

"ಅವತ್ತು ಆ ಚೌಕಟ್ಟು ಸರಿಯಾಗಿ ಕೂತಿದ್ದಿದ್ರೆ..." ಎಂದ. ಚರ್ಮ ಕಿತ್ತ ಹೆಗಲು ಒತ್ತಿಕೊಳ್ಳುತ್ತ ಕೇಳಿದ: "ನಿನ್ನ ದೇವರು ಸರಿಯಾದ ಹೊತ್ತಿಗೆ ಬಂದ ಅಂತೀಯಾ?"

"ಮೊದಲ್ನೇ ಏಟಿಗೇ ಬರಬೇಕಿತ್ತು," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಅದನ್ನ ನಾನೂ ಕೇಳ್ದೆ ಬಿಡಲ್ಲ ಅವನನ್ನ. ಆದ್ರೆ ಕೊನೇ ಏಟಿಗೆ ಮುಂಚೆ ಬಂದನಲ್ಲ, ಅದಕ್ಕೆ ಕೈ ಮುಗಿದಿದ್ದೀನಿ."

ಒಳಗಿನಿಂದ ಮಗಳು ಕರೆದಳು. ಇಬ್ಬರೂ ಎದ್ದು ಹೋದರು. ಅವಳು ಹೊಲಿಗೆ ಹಾಕಿದ ತುಟಿಯಲ್ಲೇ ಹೇಳಿದಳು:

"ಅಪ್ಪಾ, ಆ ಬಾಗಿಲು ನನ್ನನ್ನ ಒಂದ್ಸಲಾನೂ ಹೊಡೆದಿಲ್ಲ ಕಣಪ್ಪ."

ಬಡಗಿ ಮಗಳ ಕಾಲ ಬಳಿ ಕುಸಿದು, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ.